ಲಿಫ್ಟಿನ ಬಾವಲಿ ಮಾಲೀಕನಾದದ್ದು

ನಮ್ಮ ಬಾವಲಿಯ ಮುತ್ತಜ್ಜ ಬಾವಿ ತೋಡುವವನು. ಎಲ್ಲಿ ನೆಲ ಕಬ್ಬಿಣದಂತೆ ಗಟ್ಟಿಯೋ ಅಲ್ಲಿಗೆ ಅವನಿಗೇ ಕರೆ. ಒಮ್ಮೆ ತಳದ ಬಂಡೆ ಒಡೆದು ನೀರು ನುಗ್ಗಿದಾಗ, ಜೊತೆಯಲ್ಲಿದ್ದವನನ್ನು ಮೊದಲು ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿ, ತಾನು ಕುತ್ತಿಗೆ ಮಟ್ಟದ ನೀರಿನಲ್ಲಿ ಗೋಡೆಗೆ ಹಲ್ಲಿಯಂತೆ ಅಂಟಿಕೊಂಡು ನಿಂತಿದ್ದನಂತೆ. ಅಜ್ಜ ಬಾವಿಗೆ ಇಳಿಯುತ್ತಿರಲಿಲ್ಲ, ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದ. ಗಡಗಡೆಯ ಅಚ್ಚು ಮುರಿದು ಹಗ್ಗ ಸರ್ರನೆ ಜಾರತೊಡಗಿದಾಗ ಅಂಗೈ ಸುಲಿದುಹೋದರೂ ಬಿಡಲಿಲ್ಲ. ಆಮೇಲೆ ಅವನ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ; ಕೈ ನೋಡಿ ಭವಿಷ್ಯ ಹೇಳುವವರು ಅವನನ್ನು ಕಂಡರೆ ಆಚೆ ಬೀದಿಗೆ ತಿರುಗುತ್ತಿದ್ದರು. ಬಾವಲಿಯ ಅಪ್ಪ ಹಿಟ್ಟಿನ ಗಿರಣಿಯಲ್ಲಿ ಮೂಟೆ ಎತ್ತುವ ಯಂತ್ರ ನಡೆಸುತ್ತಿದ್ದ. ಗಿರಣಿಗೆ ಬೆಂಕಿ ಬಿದ್ದ ದಿನ, ಮೇಲಂತಸ್ತಿನ ಕಟ್ಟಕಡೆಯ ಆಳು ಇಳಿಯುವ ತನಕ ಹಿಡಿಕೆ ಬಿಟ್ಟು ಕದಲದೆ, ಹುಬ್ಬು ಮೀಸೆ ಎರಡನ್ನೂ ಸುಟ್ಟುಕೊಂಡು ಮನೆಗೆ ಬಂದ. ನನ್ನ ಅಕ್ಕ ಬಾಗಿಲು ತೆರೆದು, ಯಾರು ಬೇಕಿತ್ತು ಎಂದು ಕೇಳಿದಳು. ಅವರಿಬ್ಬರ ಮಗನೇ ಬಾವಲಿ, ನನ್ನ ಸೋದರಳಿಯ.

ಈ ಮನೆತನಕ್ಕೆ ಆಸ್ತಿ ಎಂದು ಉಳಿದು ಬಂದದ್ದು ಒಂದು ಕಟ್ಟಳೆ. ಆಳದಲ್ಲಿರುವವನು ‘ಎತ್ತು’ ಎಂದು ಕೂಗಬೇಕು. ಮೇಲಿನವನು ‘ಎತ್ತಿದೆ’ ಎಂದು ಉತ್ತರ ಕೊಡಬೇಕು. ಉತ್ತರ ಕೊಟ್ಟವನು ಒಂದು ಉಸಿರು ತಡೆದು ಎತ್ತಬೇಕು. ಆ ಒಂದು ಉಸಿರಿನಲ್ಲಿ ಕೆಳಗಿನವನು ಕೈಕಾಲು ಒಳಕ್ಕೆ ಎಳೆದುಕೊಂಡಿರಬೇಕು. ಬಾವಿ ಹೋಗಿ ಗಿರಣಿ ಬಂತು, ಗಿರಣಿ ಹೋಗಿ ಲಿಫ್ಟು ಬಂತು, ಕಟ್ಟಳೆ ಮಾತ್ರ ಹಾಗೇ ಇತ್ತು.

ಅಳಿಯ ಲಿಫ್ಟು ರಿಪೇರಿ ಮಾಡುವ ಕಂಪನಿಯಲ್ಲಿ ಮೀಸೆ ಮೂಡುವ ಮೊದಲೇ ಸೇರಿದ್ದ. ಹಗಲೆಲ್ಲ ಲಿಫ್ಟಿನ ಕತ್ತಲೆ ಬಾವಿಯೊಳಗೆ ನೇತಾಡುವುದರಿಂದ ಅವನಿಗೆ ಬಾವಲಿ ಎಂದು ಹೆಸರಾಯಿತು. ಅವನ ಜೊತೆಗಾರನ ದನಿ ಕಿರ್ರೆಂದು ಗೋಡೆ ಕೊರೆಯುವಂಥದ್ದು, ಅವನು ಜೀರುಂಡೆ. ಜೀರುಂಡೆ ಮಹಡಿಯ ಮೇಲಿನ ಮೋಟಾರು ಕೋಣೆಯಲ್ಲಿ ಸ್ವಿಚ್ಚಿನ ಪಕ್ಕ ನಿಲ್ಲುವನು, ಬಾವಲಿ ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಗೋಡೆಗೆ ಹಾಕಿದ ಕಂಬಿಗಳ ಬೋಲ್ಟು ಬಿಗಿಯುತ್ತ ಎಣ್ಣೆ ಹಚ್ಚುತ್ತ ಹೋಗುವನು. ಒಂದು ಜಾಗದ ಕೆಲಸ ಮುಗಿಯಿತೆಂದರೆ ‘ಎತ್ತು’. ಮೋಟಾರು ಕೋಣೆಯ ನೆಲದಲ್ಲಿ ಉಕ್ಕಿನ ಹಗ್ಗ ಇಳಿಯುವ ಕಿಂಡಿಯಿಂದ ಉತ್ತರ ಬರುವುದು, ‘ಎತ್ತಿದೆ’. ಪೆಟ್ಟಿಗೆ ಆಳೆತ್ತರ ಏರಿ ನಿಲ್ಲುವುದು. ಕೆಲಸ ಮುಗಿಸಿ ಮಹಡಿಯ ಮೇಲೆ ಬುತ್ತಿ ಬಿಚ್ಚಿದಾಗ, “ಬಾವಲಿ ಜೀರುಂಡೆ ತಿನ್ನುತ್ತಂತೆ, ಸ್ವಲ್ಪ ದೂರ ಕೂತ್ಕೊಳೋ” ಎಂದು ಬಾವಲಿಯೂ, “ನಿನ್ನ ಹೆಂಡ್ತಿ ಕೊಟ್ಟ ಬುತ್ತಿ ತಿಂದ ಮೇಲೆ ಯಾವ ಬಾವಲಿಗೂ ಹಸಿವಿರಲ್ಲ ಬಿಡು” ಎಂದು ಜೀರುಂಡೆಯೂ. ಇಬ್ಬರ ತಲೆಗಳೂ ಹೀಗೇ ನರೆತವು.

ಒಂದು ಬೆಳಿಗ್ಗೆ ಮೆಕ್ಯಾನಿಕ್ಕುಗಳನ್ನೆಲ್ಲ ಕಂಪನಿಯ ಮೇಲಿನ ಹಾಲಿಗೆ ಕರೆದರು. ಗ್ರೀಸು ಮೆತ್ತಿದ ಬೂಟು ಅಲ್ಲಿಗೆ ನಿಷಿದ್ಧ. ಅವತ್ತು ಬೂಟು ಬಿಚ್ಚಬೇಡಿ, ಹಾಗೇ ಬನ್ನಿ ಅಂದರು. ಜೀರುಂಡೆ ಅಲ್ಲೇ ಪಿಸುಗುಟ್ಟಿದ, “ಬೂಟಿಗೆ ಮರ್ಯಾದೆ ಕೊಡ್ತಿದ್ದಾರೆ ಅಂದ್ರೆ ಕಾಲಿಗೆ ಏನೋ ಕಾದಿದೆ.”

ಮ್ಯಾನೇಜರು ನಗುನಗುತ್ತಲೇ ಶುರು ಮಾಡಿದರು.

“ಸಿಹಿ ಸುದ್ದಿ. ಇನ್ಮೇಲೆ ನೀವ್ಯಾರೂ ನೌಕರರಲ್ಲ. ಒಬ್ಬೊಬ್ಬರೂ ಮಾಲೀಕರು. ಕೆಲಸ ನಿಮ್ಮ ಫೋನಿಗೆ ಬರುತ್ತೆ. ಬೇಕಾದ್ರೆ ಒತ್ತಿ ತಗೊಳ್ಳಿ, ಬೇಡ್ದಿದ್ರೆ ಬಿಡಿ. ಯಾರ ಅಪ್ಪಣೆನೂ ಕಾಯ್ಬೇಕಾಗಿಲ್ಲ.”

ಜೀರುಂಡೆ ಎದ್ದ. “ಎಲ್ಲಾ ಮಾಲೀಕರೇ ಆಗ್ಬಿಟ್ರೆ ನಾವು ಮಧ್ಯಾಹ್ನ ಕೂತು ಯಾರನ್ನ ಬೈಯೋದು ಸಾರ್?”

ಎಲ್ಲರೂ ನಕ್ಕರು. ನಗೆ ಬೇಗ ಆರಿತು. ಬಾವಲಿ ಕೈ ಎತ್ತಿದ.

“ನಮ್ಮಿಬ್ಬರಿಗೂ ಒಂದೇ ಕಡೆ ಕೆಲಸ ಬರುತ್ತಲ್ವಾ ಸಾರ್?”

“ಇಬ್ಬರು ಯಾಕೆ? ಒಂದು ಲಿಫ್ಟು, ಒಬ್ಬ ಮಾಲೀಕ.”

“ಮೇಲೆ ಯಾರು ನಿಲ್ತಾರೆ?”

“ಅದು ನಿಮ್ಮ ವ್ಯವಹಾರ. ಬೇಕು ಅನ್ನಿಸಿದ್ರೆ ನೀವೇ ಯಾರನ್ನಾದ್ರೂ ಇಟ್ಕೊಳ್ಳಿ.”

ಕೆಳಗೆ ಬರುವಾಗ ಕಂಪನಿಯ ಸಾಮಾನು ಒಪ್ಪಿಸಿ ಹೋಗಬೇಕಿತ್ತು. ಅಂಗಿ, ಟೋಪಿ, ಟಾರ್ಚು, ಜೊತೆಗೆ ಕೆಂಪು ಬೀಗ. ಲಿಫ್ಟಿನ ಬಾವಿಗೆ ಇಳಿಯುವ ಮುನ್ನ ಮೋಟಾರಿನ ಸ್ವಿಚ್ಚು ಆರಿಸಿ, ಬೇರೆ ಯಾರೂ ಹಾಕದಂತೆ ಅದಕ್ಕೆ ಜಡಿಯುವ ಬೀಗ ಅದು. ಬಾವಲಿ ಅದನ್ನು ಮೇಜಿನ ಮೇಲಿಟ್ಟು, ಕೀಲಿ ಕೊಡಲು ಮರೆತು, ಮತ್ತೆ ಹೋಗಿ ಕೊಟ್ಟು ಬಂದ.

ಅವನ ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ದಿನವಿಡೀ ಉಗಿಯ ಮುಂದೆ ನಿಲ್ಲುವವಳಾದ್ದರಿಂದ ಮಾತಿನಲ್ಲೂ ಬಿಸಿ ಜಾಸ್ತಿ. ಗಂಡ ಬೆಳಗಿನ ಹೊತ್ತಿಗೇ ಮನೆಗೆ ಬಂದು ಗೋಡೆ ನೋಡುತ್ತ ಕೂತದ್ದನ್ನು ಕಂಡು ಕೇಳಿದಳು:

“ಏನ್ರೀ, ಹುಷಾರಿಲ್ವಾ?”

“ಮಾಲೀಕ ಆದೆ.”

“ಯಾವುದಕ್ಕೆ?”

“ನನಗೇ.”

“ನಿಮಗೆ ಮಾಲೀಕಳು ನಾನಿದ್ದೆನಲ್ಲ,” ಎಂದವಳು ಅವನ ಮುಖ ನೋಡಿ ಪಕ್ಕದಲ್ಲಿ ಕೂತಳು. “ಬಡ್ತಿ ಕೊಟ್ರಾ, ಬಿಟ್ಟು ಕಳಿಸಿದ್ರಾ? ಒಂದ್ಸಲ ಸರಿಯಾಗಿ ಹೇಳಿ” ಎಂದಳು.

“ಅದೇ ಗೊತ್ತಾಗ್ತಿಲ್ಲ ಕಣೇ.”

ಅವನಿಗೆ ಬಡಿದ ಗರ ಎಂಥದ್ದೆಂದರೆ, ಮರುದಿನ ಬೆಳಿಗ್ಗೆ ಎದ್ದವನೇ ಎಂದಿನಂತೆ ಬುತ್ತಿ ಹಿಡಿದು ಕಂಪನಿಗೇ ಹೋದ. ಗೇಟಿನ ಕಾವಲುಗಾರ, ಇವನ ಮದುವೆಗೂ ಬಂದು ಉಂಡು ಹೋದವನು, ಅಡ್ಡಗಂಬ ಎತ್ತಲಿಲ್ಲ.

“ಯಾರನ್ನ ನೋಡ್ಬೇಕಿತ್ತು?”

“ಲೋ, ನಾನು ಕಣೋ.”

“ನೀನು ಅಂತ ಕಾಣಿಸ್ತಿದೆ. ಯಾರನ್ನ ನೋಡ್ಬೇಕು ಅಂತ ಕೇಳ್ಬೇಕಂತೆ, ನಿನ್ನೆಯಿಂದ ಅಪ್ಪಣೆ ಆಗಿದೆ. ಹೊರಗಿನವರು ಈ ಕಡೆ ಬೆಂಚಿನ ಮೇಲೆ ಕೂತ್ಕೋಬೇಕು.”

ಬಾವಲಿ ಆ ಬೆಂಚಿನ ಮೇಲೆ ಕೂತೇ ಬುತ್ತಿ ಬಿಚ್ಚಿ ಉಂಡ. ಉಂಡು, ಡಬ್ಬಿ ತೊಳೆದುಕೊಂಡು, ಮನೆಗೆ ಬಂದ. ಅಷ್ಟೆಲ್ಲ ಆದ ಮೇಲೂ ನಂಬಿಕೆ ಬಂದಿರಲಿಲ್ಲ. ಸಂಜೆ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿ ಮೊದಲ ಕೆಲಸ ತೋರಿಸಿದಾಗ, ಹಲ್ಲಿ ಮೈಮೇಲೆ ಬಿದ್ದವನಂತೆ ಬೆಚ್ಚಿ ಎದ್ದು ನಿಂತ.

ಒಬ್ಬನೇ ಮಾಡುವ ಲಿಫ್ಟಿನ ಕೆಲಸ ನಾಯಿಪಾಡು. ಮೋಟಾರು ಕೋಣೆಗೆ ಹತ್ತಿ ಸ್ವಿಚ್ಚು ಆರಿಸಬೇಕು, ಇಳಿದು ಬಂದು ಪೆಟ್ಟಿಗೆಯ ನೆತ್ತಿಯ ಮೇಲೆ ಕೂತು ಬೋಲ್ಟು ಬಿಗಿಯಬೇಕು, ಮತ್ತೆ ಹತ್ತಿ ಪೆಟ್ಟಿಗೆಯನ್ನು ಆಳೆತ್ತರ ಏರಿಸಬೇಕು, ಮತ್ತೆ ಇಳಿಯಬೇಕು. ಮಂಡಿಚಿಪ್ಪು ಸಂಜೆಗೆ ಬೇರೆ ಯಾರದ್ದೋ ಆಗಿಬಿಡುತ್ತಿತ್ತು. ಸಹಾಯಕನನ್ನು ಇಟ್ಟುಕೊಂಡರೆ ತಾನು ಉಪವಾಸ. ಒಂದು ವಿಚಿತ್ರವನ್ನು ಅವನೇ ನನಗೆ ಹೇಳಿದ್ದ.

“ಮಾವ, ಬೋಲ್ಟು ಬಿಗಿದಾದ ಮೇಲೆ ಬಾಯಿ ತಾನಾಗೇ ‘ಎತ್ತು’ ಅನ್ನುತ್ತೆ. ಮೇಲೆ ಯಾರಿದ್ದಾರೆ? ಕಾಗೆ ಇರ್ಬೇಕು. ಆದ್ರೂ ಕೂಗದೆ ಇದ್ರೆ ಕೆಲಸ ಮುಗಿದ ಹಾಗೇ ಆಗಲ್ಲ.”

“ಕೂಗಿದ್ರೆ ಏನು ಗಂಟು ಹೋಗುತ್ತೆ, ಕೂಗು,” ಎಂದೆ ನಾನು.

ಮೊದಮೊದಲು ಕೂಗುವುದರ ಜೊತೆಗೆ ಕೈಯನ್ನೂ ಎಳೆದುಕೊಳ್ಳುತ್ತಿದ್ದನಂತೆ. ಎತ್ತುವವರೇ ಇಲ್ಲದ ಮೇಲೆ ಕೈ ಎಳೆದುಕೊಂಡು ಮಾಡುವುದೇನು? ಕೂಗುತ್ತಲೇ ಮುಂದಿನ ಕೆಲಸಕ್ಕೆ ಕೈ ಚಾಚತೊಡಗಿದ. ತಿಂಗಳುಗಳು ಉರುಳಿದಂತೆ ಬಾಯಿಗೆ ಅಭ್ಯಾಸ ಉಳಿಯಿತು, ಕೈಗೆ ಮರೆತುಹೋಯಿತು.

ಈ ನಡುವೆ ಗೆಳೆಯರಿಬ್ಬರಿಗೂ ಮಾತು ಬಿಟ್ಟುಹೋಯಿತು. ಬಾವಲಿ ವರ್ಷಾನುಗಟ್ಟಲೆ ನೋಡಿಕೊಂಡಿದ್ದ ಕಣ್ಣಾಸ್ಪತ್ರೆಯ ಲಿಫ್ಟು ಕೆಟ್ಟಿತ್ತು. ಫೋನಿನಲ್ಲಿ ಕೆಲಸ ಎಲ್ಲರಿಗೂ ಕಾಣಿಸುತ್ತದೆ, ಮೊದಲು ಒತ್ತಿದವನ ಪಾಲು. ಇವನು ಕನ್ನಡಕ ಹುಡುಕುವಷ್ಟರಲ್ಲಿ ಜೀರುಂಡೆ ಒತ್ತಿದ್ದ. ಆಸ್ಪತ್ರೆಯ ಬಾಗಿಲಲ್ಲೇ ಮುಖಾಮುಖಿಯಾಯಿತು.

“ಇದು ನನ್ನ ಜಾಗ ಅಂತ ನಿಂಗೆ ಗೊತ್ತಿರ್ಲಿಲ್ವೇನೋ?”

“ಗೊತ್ತಿತ್ತು. ನಾನು ಬಿಟ್ಟಿದ್ರೆ ಮೂರನೆಯವನು ಒತ್ತಿರ್ತಿದ್ದ.”

“ಒಂದು ಫೋನ್ ಮಾಡಿ ಕೇಳ್ಬಹುದಿತ್ತು.”

“ಕೇಳೋಕೂ ಅದೇ ಫೋನ್ ಕಣೋ, ಒತ್ತೋಕೂ ಅದೇ ಫೋನ್. ನನ್ನ ಮನೇಲೂ ಒಲೆ ಇದೆ.”

“ಹಾಗಾದ್ರೆ ಒಲೆ ಮುಂದೆನೇ ಕೂತಿರು. ನನ್ನ ಮನೆ ಹೊಸ್ತಿಲು ತುಳೀಬೇಡ.”

ಅಲ್ಲಿಂದಾಚೆಗೆ ಬೀದಿಯಲ್ಲಿ ಎದುರಾದರೆ ಒಬ್ಬ ಅಂಗಡಿಯ ಬೋರ್ಡು ಓದುವನು, ಇನ್ನೊಬ್ಬ ಆಕಾಶ ನೋಡುವನು.

ಆಮೇಲೆ ಆ ದಿನ ಬಂತು. ಹಳೆಯ ಎತ್ತರದ ಕಚೇರಿ ಕಟ್ಟಡ, ಅಕ್ಕಪಕ್ಕ ಎರಡು ಲಿಫ್ಟು. ಎರಡಕ್ಕೂ ಮೇಲೆ ಒಂದೇ ಮೋಟಾರು ಕೋಣೆ. ಎರಡೂ ಲಿಫ್ಟು ಸದ್ದು ಮಾಡುತ್ತಿವೆ ಎಂದು ಕಟ್ಟಡದವರು ದೂರು ಕೊಟ್ಟಿದ್ದರು. ಕಂಪನಿಯ ಫೋನು ಅದನ್ನು ಎರಡು ಕೆಲಸ ಮಾಡಿ ಬಿಟ್ಟಿತು. ಒಂದನ್ನು ಬಾವಲಿ ಒತ್ತಿದ, ಇನ್ನೊಂದನ್ನು ಜೀರುಂಡೆ. ಇನ್ನೊಬ್ಬ ಬರುತ್ತಾನೆಂದು ಇಬ್ಬರಿಗೂ ಹೇಳಿದವರಿಲ್ಲ.

ಬಾವಲಿ ಮುಂಚೆ ಬಂದ. ತನ್ನ ಲಿಫ್ಟಿನ ಸ್ವಿಚ್ಚು ಆರಿಸಿ, ಜಡಿಯಲು ಬೀಗವಿಲ್ಲದೆ ಹಾಗೇ ಬಿಟ್ಟು, ಇಳಿದು ಹೋಗಿ ಪೆಟ್ಟಿಗೆಯ ನೆತ್ತಿಯ ಮೇಲೆ ಕೂತ. ಆಮೇಲೆ ಜೀರುಂಡೆ ಬಂದ. ಒಂದು ಲಿಫ್ಟು ಆರಿರುವುದನ್ನು ಕಂಡು, ಕೆಟ್ಟು ನಿಂತಿರಬೇಕು ಅಂದುಕೊಂಡು, ಇನ್ನೊಂದರ ಬ್ರೇಕು ಬಿಚ್ಚತೊಡಗಿದ.

ಕೆಳಗೆ ಬಾವಲಿ ಒಂದು ಬೋಲ್ಟು ಬಿಗಿದು ಮುಗಿಸಿದ. ಎಡಗೈಯಲ್ಲಿ, ಕಂಬಿಯನ್ನು ಗೋಡೆಗೆ ಬಿಗಿದ ಉಕ್ಕಿನ ಆಧಾರ ಹಿಡಿದುಕೊಂಡೇ, ಎಂದಿನಂತೆ, ಯಾರಿಗೂ ಅಲ್ಲದೆ ಕೂಗಿದ.

“ಎತ್ತು.”

ಮೇಲಿನಿಂದ ಉತ್ತರ ಬಂತು.

“ಎತ್ತಿದೆ.”

ಕಿರ್ರೆನ್ನುವ ಅದೇ ದನಿ. ಸತ್ತವರು ಹೆಸರು ಹಿಡಿದು ಕರೆದರೆ ಹೇಗೋ ಹಾಗೆ, ಬಾವಲಿ ಕತ್ತೆತ್ತಿ ಮೇಲಿನ ಕಿಂಡಿಯನ್ನು ನೋಡಿದ. ಅಜ್ಜ ಮುತ್ತಜ್ಜರು ಕೈ ಎಳೆದುಕೊಳ್ಳಲೆಂದು ಇಟ್ಟಿದ್ದ ಆ ಒಂದು ಉಸಿರನ್ನು ಇವನು ಬೆರಗಾಗಿ ಕಳೆದ. ಪೆಟ್ಟಿಗೆ ಏರಿತು. ಕೈ ಪೆಟ್ಟಿಗೆಗೂ ಕಂಬಿಯ ಆಧಾರಕ್ಕೂ ನಡುವೆ ಸಿಕ್ಕಿತು.

ಅವನ ಚೀರಾಟ ಕೇಳಿದ ಮೇಲೆಯೇ ಜೀರುಂಡೆಗೆ ತಾನೇನು ಮಾಡಿದೆ ಎಂದು ಅರಿವಾದದ್ದು. ಬ್ರೇಕಿನ ಮುಂದೆ ಮಂಡಿಯೂರಿದ್ದವನು ಅದು ಯಾವಾಗ ಎದ್ದನೋ, ಯಾವಾಗ ಪಕ್ಕದ ಸ್ವಿಚ್ಚು ಹಾಕಿ ಗುಂಡಿ ಒತ್ತಿದನೋ, ಇವತ್ತಿಗೂ ಹೇಳಲಾರ. ಮೆಟ್ಟಿಲು ಹಾರಿ ಇಳಿದು ಬಂದ. ಅಂಗಿ ಬಿಚ್ಚಿ ಕೈಗೆ ಸುತ್ತಿದ. ಎರಡು ಲಿಫ್ಟಿನ ಕಟ್ಟಡದಲ್ಲಿ ಲಿಫ್ಟಿನವನನ್ನು ಇನ್ನೊಬ್ಬ ಲಿಫ್ಟಿನವನು ಹೆಗಲ ಮೇಲೆ ಹೊತ್ತು, ಮೇಲಿಂದ ಕೆಳಗಿನ ತನಕ ಮೆಟ್ಟಿಲಲ್ಲೇ ಇಳಿಸಿದ. ಕಚೇರಿಯ ಜನ ಫೈಲು ಎದೆಗೊತ್ತಿಕೊಂಡು ಗೋಡೆಗೆ ಸರಿದು ದಾರಿ ಬಿಟ್ಟರು.

ಎಡಗೈಯ ಹೆಬ್ಬೆರಳು ಉಳಿಯಿತು. ಉಳಿದ ಬೆರಳುಗಳು ಹೋದವು.

ನಾನು ಆಸ್ಪತ್ರೆಗೆ ಹೋದಾಗ ಜೀರುಂಡೆ ಪಡಸಾಲೆಯ ಕೊನೆಯಲ್ಲಿ, ಯಾರದ್ದೋ ಅಂಗಿ ತೊಟ್ಟು, ನೆಲದ ಮೇಲೆ ಕೂತಿದ್ದ. ಗೋಡೆ ಕೊರೆಯುವ ಆ ದನಿ ಇಂಗಿಹೋಗಿತ್ತು.

“ಮಾವ, ಅವನ ದನಿ ಕೇಳಿಸ್ತು. ನಮ್ಗೆ ಜಗಳ ಆಗಿದೆ ಅನ್ನೋದೂ ನೆನಪಾಗ್ಲಿಲ್ಲ. ನಾವು ಬೇರೆ ಬೇರೆ ಅನ್ನೋದೂ ನೆನಪಾಗ್ಲಿಲ್ಲ.”

ಅವನ ಪಕ್ಕದಲ್ಲೇ ಕೂತೆ. ಬಾವಲಿಯ ಹೆಂಡತಿ ಬಂದು ಅವನನ್ನು ನೋಡಿದಳು. ಬಿಸಿ ಮಾತಿನವಳು, ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ನೇರವಾಗಿ ಒಳಗೆ ಹೋದಳು.

ಅಳಿಯ ಮನೆಗೆ ಬಂದು ಕೆಲವು ದಿನವಾದ ಮೇಲೆ ಮ್ಯಾನೇಜರು ನೋಡಲು ಬಂದರು. ಹೂವಿನ ಗುಚ್ಛ ತಂದಿದ್ದರು. ಇಡಲು ಮನೆಯಲ್ಲಿ ಹೂದಾನಿಯಿಲ್ಲದೆ, ಅವಳು ಅದನ್ನು ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿದಳು. ನಾನು ಮಂಚದ ಕಾಲ ಬಳಿ ಕೂತಿದ್ದೆ. ಬಾವಲಿ ದಿಂಬಿಗೊರಗಿ, ಕೈಗೆ ಸುತ್ತಿದ ಬಟ್ಟೆಯ ಗಂಟನ್ನು ಬೇರೆಯವರ ಸಾಮಾನು ಎಂಬಂತೆ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದ.

“ಕಾನೂನು ಪ್ರಕಾರ ಕಂಪನಿಗೆ ಸಂಬಂಧವಿಲ್ಲ,” ಅಂದರು ಮ್ಯಾನೇಜರು. “ನೀವೂ ಸ್ವತಂತ್ರರು, ಅವರೂ ಸ್ವತಂತ್ರರು. ಆದ್ರೂ ಹಳೆಯ ಋಣ ಅಂತ ಒಂದಿದೆಯಲ್ಲ. ನಮ್ಮ ಫೋನ್ ಕೋಣೆಯಲ್ಲಿ ಒಂದು ಕುರ್ಚಿ ಖಾಲಿ ಇದೆ. ಕೂತು ಮಾತಾಡೋ ಕೆಲಸ. ಮೊದಲಿನ ಹಾಗೇ ತಿಂಗಳ ಸಂಬಳ. ಕೃತಕ ಕೈಯನ್ನೂ ನಾವೇ ಹಾಕಿಸ್ತೀವಿ.”

ಹೆಂಡತಿಯ ಕಣ್ಣು ಅರಳಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದಳು, “ನಿಜವಾಗ್ಲೂ ಸಂಬಳದ ಕೆಲಸಾನಾ ಸಾರ್?”

“ನಿಜವಾಗ್ಲೂ ಕಣಮ್ಮ. ಇವರು ಪೊಲೀಸರ ಮುಂದೆ ಒಂದು ಮಾತು ಹೇಳಿದ್ರೆ ಸಾಕು. ಆ ಇನ್ನೊಬ್ಬ ನೋಡದೆ ಮಾಡದೆ ಸ್ವಿಚ್ ಹಾಕಿದ ಅಂತ. ಇಬ್ಬರಿಗೂ ಆಗ್ತಿರ್ಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಬೇಕಂತಲೇ ಮಾಡ್ದ ಅಂತ ನಾನು ಹೇಳಲ್ಲ. ಅದನ್ನ ವಿಚಾರಿಸೋರು ವಿಚಾರಿಸ್ಕೊಳ್ತಾರೆ.”

ಬಾವಲಿ ಬಾಯಿ ಅರೆ ತೆರೆದು ಅವರನ್ನೇ ನೋಡಿದ, ಕಂಪನಿಯ ಹಾಲಿನಲ್ಲಿ ಮಾಲೀಕ ಎಂದು ಕರೆದ ದಿನ ನೋಡಿದಂತೆಯೇ ಇರಬೇಕು. ಮಾತಾಡಿದವಳು ಹೆಂಡತಿ.

“ಅವರಿಬ್ಬರನ್ನೂ ಒಂದೇ ಕೋಣೆಗೆ ಕಳಿಸಿದ್ದು ಯಾರು ಸಾರ್?”

“ಯಾರೂ ಕಳಿಸಿಲ್ಲಮ್ಮ. ಫೋನು ಹಂಚುತ್ತೆ.”

“ಬೀಗ ಕಿತ್ಕೊಂಡಿದ್ದೂ ಫೋನೇನಾ?”

ಮ್ಯಾನೇಜರು ಗಡಿಯಾರ ನೋಡಿಕೊಂಡರು. “ಯೋಚನೆ ಮಾಡಿ. ಆತನಿಗೂ ಸಂಸಾರ ಇದೆ ಅಂತ ಕನಿಕರ ಪಡ್ತಾ ಕೂತ್ರೆ ನಿಮ್ಮ ಸಂಸಾರ ಯಾರು ನೋಡ್ತಾರೆ?”

ಅವಳು ಗಂಡನ ಕಡೆ ತಿರುಗಿದಳು. ಆ ಕುರ್ಚಿ ಅವಳಿಗೆ ಬೇಕಾಗಿತ್ತು. ಲಾಂಡ್ರಿಯ ಉಗಿಯಲ್ಲಿ ಬೆಂದ ಅವಳ ಮೊಣಕೈಗಳೇ ಅದನ್ನು ಹೇಳುತ್ತಿದ್ದವು. ಆದರೂ, “ನಿಮ್ಮ ಕೈ, ನಿಮ್ಮ ಜೊತೆಗಾರ. ನಾನು ಹೂಂ ಅನ್ನಲ್ಲ, ಊಹೂಂ ಅನ್ನಲ್ಲ. ನೀವೇ ಹೇಳಿ,” ಎಂದಳು.

ಬಾವಲಿ ದಿಂಬಿನಿಂದ ಸರಿದು ನೆಟ್ಟಗೆ ಕೂತ. ಅಪಘಾತವಾದ ಮೇಲೆ ಅವನು ಒಟ್ಟಾಗಿ ಅಷ್ಟು ಮಾತಾಡಿದ್ದು ಅವತ್ತೇ.

“ಸಾರ್, ಕೂಗಿದವನು ನಾನು. ಕೂಗಿ, ಕೈ ಎಳ್ಕೊಳ್ದೆ ಮೇಲೆ ನೋಡ್ತಾ ಕೂತವನೂ ನಾನೇ. ಅವನು ಉತ್ತರ ಕೊಟ್ಟ, ಅಷ್ಟೇ. ನಿಮ್ಮ ಮಾಲೀಕತನ ಶುರುವಾದಾಗಿಂದ ಒಂದೊಂದು ಕಟ್ಟಡದಲ್ಲೂ ಕೂಗಿದ್ದೀನಿ, ಯಾವ ಗೋಡೆನೂ ಓ ಅಂದಿರ್ಲಿಲ್ಲ. ಓ ಅಂದವನ ಮೇಲೆ ನನ್ನ ಬಾಯಲ್ಲಿ ದೂರು ಹೇಳಿಸ್ಬೇಡಿ. ನಿಮ್ಮ ಕುರ್ಚಿ ಬೇಡ. ಸಂಬಳ ಬೇಡ. ಆ ಮರದ ಕೈಯೋ ರಬ್ಬರ್ ಕೈಯೋ, ಅದೂ ಬೇಡ. ನಾಳೆ ಏನು ಮಾಡ್ತೀಯ ಅಂತ ಕೇಳಿದ್ರೆ ನನಗೆ ಗೊತ್ತಿಲ್ಲ, ದೇವರಾಣೆ ಗೊತ್ತಿಲ್ಲ. ಗೊತ್ತಿಲ್ಲದೇನೇ ಹೇಳ್ತಿದ್ದೀನಿ, ಬೇಡ. ನಿಮ್ಮ ಹೂವು ಬಕೆಟ್‌ನಲ್ಲಿದೆ, ಹೋಗ್ತಾ ತಗೊಂಡು ಹೋಗಿ. ನಮಗೆ ಸ್ನಾನಕ್ಕೆ ಇರೋದು ಅದೊಂದೇ ಬಕೆಟ್.”